ಮುಂಜಾನೆ 6:22ಕ್ಕೆ ಸರ್ವರ್ ತಾನಾಗಿ ಅಪ್‌ಡೇಟ್ ಆಗಿದೆ, ಅದೇ ಹೊತ್ತಿನಲ್ಲಿ ನನ್ನದೇ ಖಾತೆಯ ಲಾಗಿನ್ ಕಾಣುತ್ತಿದೆ: ದಯವಿಟ್ಟು ಸಹಾಯ ಮಾಡಿ

ಪ್ರಶ್ನೆ: ಮಲೆನಾಡು_ಅಡ್ಮಿನ್

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದಲ್ಲಿ ಕಂಪ್ಯೂಟರ್ ವ್ಯವಸ್ಥೆಯನ್ನು ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ. ಕಚೇರಿಯ ಒಳಕೋಣೆಯಲ್ಲಿ ಒಂದು ಸರ್ವರ್ ಇದೆ. ಅದರಲ್ಲಿ ಉಬುಂಟು 22.04 (ಕಾರ್ಯಾಚರಣಾ ವ್ಯವಸ್ಥೆ) ಮತ್ತು ಮೈಎಸ್‌ಕ್ಯೂಎಲ್ 8.0 (ಡೇಟಾಬೇಸ್) ಇದ್ದು, ತೂಕ, ಬಿಲ್ಲು, ಸದಸ್ಯರ ಖಾತೆ ಎಲ್ಲವೂ ಅದೊಂದರ ಮೇಲೆಯೇ ನಡೆಯುತ್ತವೆ. ಎರಡು ವರ್ಷಗಳ ಹಿಂದೆ ನಾನೇ ಅದನ್ನು ಇನ್‌ಸ್ಟಾಲ್ ಮಾಡಿದ್ದು. ಅಲ್ಲಿಂದ ಇಲ್ಲಿಯವರೆಗೆ ಯಾವ ಅಪ್‌ಡೇಟನ್ನೂ ನಾನು ಕೈಯಾರೆ ಹಾಕಿಲ್ಲ. ನಡೆಯುತ್ತಿರುವ ಯಂತ್ರವನ್ನು ಮುಟ್ಟಬಾರದು ಎಂಬ ಎಚ್ಚರಿಕೆಯೇ ಅದಕ್ಕೆ ಕಾರಣ.

ಕಳೆದ ಗುರುವಾರ ಬೆಳಿಗ್ಗೆ 11:52ಕ್ಕೆ ಕೌಂಟರಿನಲ್ಲಿ ಪಾವತಿ ಚೀಟಿ ಮುದ್ರಣವಾಗುತ್ತಿತ್ತು. ರೈತರ ಹೆಸರು, ಚೀಲಗಳ ಸಂಖ್ಯೆ, ತೂಕ ಇಷ್ಟು ಬಂದು, ದರದ ಸಾಲಿಗೆ ಬರುವಷ್ಟರಲ್ಲಿ ಪ್ರಿಂಟರ್ ನಿಂತುಹೋಯಿತು. ಡೇಟಾಬೇಸಿನ ಸಂಪರ್ಕ ಕಡಿದಿದೆ ಎಂಬ ಸೂಚನೆ ನಾಲ್ಕೂ ಪರದೆಗಳ ಮೇಲೆ ಒಟ್ಟಿಗೇ ಬಂತು. ನಾನು ಓಡಿಹೋಗಿ ಸರ್ವರಿಗೆ ಲಾಗಿನ್ ಆಗುವ ಹೊತ್ತಿಗೆ ಮೈಎಸ್‌ಕ್ಯೂಎಲ್ ಆಗಷ್ಟೇ ಮತ್ತೆ ಎದ್ದಿತ್ತು. ಒಟ್ಟು ನಾಲ್ಕೈದು ನಿಮಿಷ ಕೆಲಸ ನಿಂತಿತು. ಆದರೆ ಸಾಲಿನಲ್ಲಿ ನಲವತ್ತಕ್ಕೂ ಹೆಚ್ಚು ಜನ ನಿಂತಿದ್ದರಿಂದ ಮತ್ತು ಅರ್ಧ ಮುದ್ರಣವಾದ ಚೀಟಿಯ ಲೆಕ್ಕ ಸರಿಯಿದೆಯೇ ಎಂಬ ಪ್ರಶ್ನೆ ಎದ್ದಿದ್ದರಿಂದ, ಎಲ್ಲವನ್ನೂ ಮತ್ತೊಮ್ಮೆ ತಾಳೆ ನೋಡುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಈ ವರ್ಷ ಹೀಗಾಗುತ್ತಿರುವುದು ಇದು ಮೂರನೆಯ ಸಲ. ನನ್ನ ನೆನಪಿನ ಪ್ರಕಾರ ಹಿಂದಿನ ಎರಡೂ ಸಲ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಆಗಿತ್ತು, ಒಂದಕ್ಕೊಂದು ಸುಮಾರು ಮೂರು ತಿಂಗಳ ಅಂತರವಿತ್ತು.

ಸಂಜೆ ಲಾಗ್‌ಗಳನ್ನು ತೆರೆದು ನೋಡಿದಾಗ ಕಂಡದ್ದು ನನ್ನನ್ನು ಹೆದರಿಸಿದೆ. ಪ್ಯಾಕೇಜ್‌ಗಳ (ತಂತ್ರಾಂಶದ ಕಂತೆಗಳ) ಬದಲಾವಣೆಯನ್ನು ದಾಖಲಿಸುವ ಡಿಪಿಕೆಜಿ ಲಾಗಿನಲ್ಲಿ ಅದೇ ದಿನ 06:22ಕ್ಕೆ ಮೈಎಸ್‌ಕ್ಯೂಎಲ್ ಪ್ಯಾಕೇಜ್ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಏರಿದೆ ಎಂದಿದೆ. ಆ ಮುಂಜಾನೆಯಲ್ಲಿ ಕಚೇರಿಗೆ ಬೀಗ ಹಾಕಿತ್ತು. ಅದಕ್ಕಿಂತ ದೊಡ್ಡ ಆತಂಕವೆಂದರೆ, ಯಾರು ಯಾವಾಗ ಲಾಗಿನ್ ಆದರು ಎಂದು ತೋರಿಸುವ ‘ಲಾಸ್ಟ್’ ಆದೇಶವನ್ನು ಓಡಿಸಿದರೆ, ಅದೇ ದಿನ 06:26ಕ್ಕೆ ನನ್ನದೇ ಬಳಕೆದಾರ ಹೆಸರಿನಲ್ಲಿ, ನನ್ನದೇ ಮೇಜಿನ ಕಂಪ್ಯೂಟರಿನ ವಿಳಾಸದಿಂದ ಲಾಗಿನ್ ಆಗಿರುವುದು ಕಾಣುತ್ತಿದೆ. ಆ ಹೊತ್ತಿಗೆ ನಾನು ಮನೆಯಲ್ಲಿದ್ದೆ, ಹಾಸಿಗೆಯಿಂದ ಎದ್ದಿರಲಿಲ್ಲ.

ನನ್ನ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆಯೇ? ಯಾರಾದರೂ ಮುಂಜಾನೆ ಏನನ್ನೋ ಹಾಕಿ ಹೋಗಿದ್ದು, ಅದರ ಪರಿಣಾಮ ಐದೂವರೆ ಗಂಟೆಯ ನಂತರ ಕಂಡಿತೇ? ಎರಡು ತಿಂಗಳ ಹಿಂದೆ ನಮ್ಮಲ್ಲಿ ಕೆಲಸ ಬಿಟ್ಟ ಡೇಟಾ ಎಂಟ್ರಿ ಹುಡುಗನೊಬ್ಬನ ಮೇಲೆ ಸಂಘದ ಹಿರಿಯರಿಗೆ ಈಗಾಗಲೇ ಅನುಮಾನ ಬಂದಿದೆ. ನಾನು ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಾಯಿಸಿದ್ದೇನೆ. ಮುಂದೆ ಏನು ಮಾಡಬೇಕೆಂದು ತೋಚುತ್ತಿಲ್ಲ.

ಇನ್ನೊಂದು ಮಾತು, ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ: ಜೂನ್ ತಿಂಗಳ ಮಳೆಯಲ್ಲಿ ರಾತ್ರಿಯೆಲ್ಲ ಕರೆಂಟು ಹೋಗಿ, ಯುಪಿಎಸ್ ಬರಿದಾಗಿ, ಬೆಳಿಗ್ಗೆ ಸರ್ವರ್ ಮತ್ತೆ ಶುರುವಾದಾಗ ತೂಕದ ಯಂತ್ರಗಳನ್ನು ಜೋಡಿಸಿರುವ ಸೀರಿಯಲ್ ಕಾರ್ಡ್ ಕೆಲಸ ಮಾಡಲಿಲ್ಲ. ಕಾರ್ಡ್ ಕೊಟ್ಟವರು ಬಂದು ಡ್ರೈವರನ್ನು ಮತ್ತೆ ಹಾಕಿ ಸರಿಪಡಿಸಿದರು. ಅವರೂ “ನಿಮ್ಮ ಸಿಸ್ಟಮ್ ಅಪ್‌ಡೇಟ್ ಆಗಿದೆ” ಎಂದೇ ಹೇಳಿದ್ದರು. ನಾನು ಆಗ ನಂಬಿರಲಿಲ್ಲ.

ಉತ್ತರ: ಕಪ್ಪುಪರದೆ

ಮೊದಲು ಸಮಾಧಾನದ ಮಾತು. ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ನಿಮ್ಮ ಸರ್ವರಿಗೆ ಯಾರೂ ನುಗ್ಗಿಲ್ಲ ಎಂದು ನನಗೆ ಬಹುಮಟ್ಟಿಗೆ ಖಚಿತವಾಗಿದೆ. ನೀವೇ ಬರೆದ ಒಂದು ಸಂಖ್ಯೆಯನ್ನು ಮತ್ತೊಮ್ಮೆ ಓದಿ: ಐದೂವರೆ ಗಂಟೆ. ಭಾರತೀಯ ಕಾಲಮಾನ ಜಾಗತಿಕ ಕಾಲಮಾನವಾದ ಯುಟಿಸಿಗಿಂತ ಸರಿಯಾಗಿ 5 ಗಂಟೆ 30 ನಿಮಿಷ ಮುಂದಿದೆ. ಉಬುಂಟು ಸರ್ವರಿನ ಈಗಿನ ಇನ್‌ಸ್ಟಾಲರ್ ಸಮಯವಲಯವನ್ನು ಕೇಳುವುದೇ ಇಲ್ಲ, ಗಡಿಯಾರವನ್ನು ಯುಟಿಸಿಯಲ್ಲಿಯೇ ಇಟ್ಟುಬಿಡುತ್ತದೆ. ಹಾಗಾಗಿ ಲಾಗಿನ 06:22 ಎಂದರೆ ನಮ್ಮ ಗೋಡೆ ಗಡಿಯಾರದ 11:52. ಆ 06:26ರ ಲಾಗಿನ್ ಬೇರೆ ಯಾರದೂ ಅಲ್ಲ. ಡೇಟಾಬೇಸ್ ಬಿತ್ತೆಂದು ನೀವು ಓಡಿಹೋಗಿ 11:56ಕ್ಕೆ ಲಾಗಿನ್ ಆದಿರಲ್ಲ, ಅದೇ ಅದು. ಸರ್ವರಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಎಂಬ ಆದೇಶ ಕೊಟ್ಟರೆ ಸಮಯವಲಯದ ಸಾಲಿನಲ್ಲಿ ಯುಟಿಸಿ ಎಂದಿರುತ್ತದೆ. ದಯವಿಟ್ಟು ನೋಡಿ ಹೇಳಿ.

ಇನ್ನು ಅಪ್‌ಡೇಟ್ ಹಾಕಿದ್ದು ಯಾರು ಎಂಬ ಪ್ರಶ್ನೆ. ಉಬುಂಟುವಿನಲ್ಲಿ ಭದ್ರತಾ ಅಪ್‌ಡೇಟ್‌ಗಳನ್ನು ತಾನಾಗಿ ಹಾಕುವ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಎಂಬ ಪ್ಯಾಕೇಜ್ ಮೊದಲಿನಿಂದಲೇ ಸಕ್ರಿಯವಾಗಿರುತ್ತದೆ, ನೀವು ಅದನ್ನು ಪ್ರತ್ಯೇಕವಾಗಿ ಹಾಕಬೇಕಾಗಿಲ್ಲ. ಅದರ ಕೆಲಸ ‘ಅಪ್ಟ್’ ಎಂಬ ಪ್ಯಾಕೇಜ್ ನಿರ್ವಹಣಾ ಸಾಧನದ ಎರಡು ಟೈಮರ್‌ಗಳ ಮೇಲೆ ನಡೆಯುತ್ತದೆ. ‘ಅಪ್ಟ್-ಡೈಲಿ’ ಎಂಬುದು ಪಟ್ಟಿಯನ್ನು ಹೊಸದಾಗಿಸಿ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುತ್ತದೆ. ಅದು ದಿನಕ್ಕೆ ಎರಡು ಸಲ, 6 ಮತ್ತು 18 ಗಂಟೆಗೆ, ಹನ್ನೆರಡು ಗಂಟೆಗಳವರೆಗಿನ ಯಾದೃಚ್ಛಿಕ ವಿಳಂಬದೊಂದಿಗೆ ಓಡುತ್ತದೆ. ನಿಮಗೆ ತೊಂದರೆ ಕೊಟ್ಟದ್ದು ಎರಡನೆಯದಾದ ‘ಅಪ್ಟ್-ಡೈಲಿ-ಅಪ್‌ಗ್ರೇಡ್’. ಇದು ಬೆಳಿಗ್ಗೆ 6 ಗಂಟೆಗೆ, ಒಂದು ಗಂಟೆಯವರೆಗಿನ ವಿಳಂಬದೊಂದಿಗೆ, ಪ್ಯಾಕೇಜ್‌ಗಳನ್ನು ನಿಜವಾಗಿ ಸ್ಥಾಪಿಸುತ್ತದೆ. ಆರು ಗಂಟೆಯಿಂದ ಏಳು ಗಂಟೆಯೆಂದರೆ ಜನ ಮಲಗಿರುವ ವೇಳೆ ಎಂಬ ಎಣಿಕೆಯಿಂದ ಅದನ್ನು ಇಟ್ಟಿರಬೇಕು. ಆದರೆ ಗಡಿಯಾರ ಯುಟಿಸಿಯಲ್ಲಿದ್ದರೆ ಆ ಒಂದು ಗಂಟೆ ನಮ್ಮಲ್ಲಿ 11:30ರಿಂದ 12:30 ಆಗುತ್ತದೆ. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ನಿಮ್ಮ ಸಂಘವಿರಲಿ, ಆ ಹೊತ್ತಿಗೆ ಕೌಂಟರಿನ ಮುಂದೆ ಸಾಲು ಇದ್ದೇ ಇರುತ್ತದೆ. ಹಿಂದಿನ ಎರಡು ಸಲವೂ ಊಟಕ್ಕೆ ಮುಂಚೆಯೇ ಆಗಿತ್ತೆಂದು ನೀವು ಬರೆದಿರುವುದು ಇದಕ್ಕೇ ಹೊಂದುತ್ತದೆ.

ಮೂರು ತಿಂಗಳ ಅಂತರಕ್ಕೂ ಕಾರಣವಿದೆ. ಮೈಎಸ್‌ಕ್ಯೂಎಲ್ ಒಡೆತನ ಒರಾಕಲ್ ಸಂಸ್ಥೆಯದು, ಅದು ತನ್ನ ಭದ್ರತಾ ಪರಿಹಾರಗಳನ್ನು ವರ್ಷಕ್ಕೆ ನಾಲ್ಕು ಸಲ, ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬಿಡುಗಡೆ ಮಾಡುತ್ತದೆ. ಉಬುಂಟು ತಂಡದವರು ಸ್ವಲ್ಪ ದಿನಗಳ ನಂತರ ಅದನ್ನು ತಮ್ಮ ಭದ್ರತಾ ಭಂಡಾರಕ್ಕೆ ಹಾಕುತ್ತಾರೆ. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಸಾಮಾನ್ಯ ಅಪ್‌ಡೇಟ್‌ಗಳನ್ನು ಮುಟ್ಟುವುದಿಲ್ಲ, ಆದರೆ ಭದ್ರತಾ ಭಂಡಾರದಿಂದ ಬಂದದ್ದನ್ನು ಕೇಳದೆಯೇ ಹಾಕುತ್ತದೆ. ಮೈಎಸ್‌ಕ್ಯೂಎಲ್ ಪ್ಯಾಕೇಜ್ ಬದಲಾದಾಗ ಸರ್ವರ್ ಪ್ರೋಗ್ರಾಮ್ ನಿಂತು ಮತ್ತೆ ಶುರುವಾಗಲೇಬೇಕು. ಇತರ ದಿನಗಳಲ್ಲಿಯೂ ಅಪ್‌ಡೇಟ್‌ಗಳು ಬರುತ್ತಲೇ ಇದ್ದವು, ಆದರೆ ಅವು ಬಿಲ್ಲಿನ ಪರದೆಗೆ ತಾಗದ ಕಾರಣ ನಿಮ್ಮ ಗಮನಕ್ಕೆ ಬರಲಿಲ್ಲ. ಎರಡು ವರ್ಷ ಈ ಯಂತ್ರಕ್ಕೆ ಅಪ್‌ಡೇಟೇ ಆಗಿಲ್ಲ ಎಂಬ ನಿಮ್ಮ ತಿಳುವಳಿಕೆ ಸರಿಯಲ್ಲ.

ಇದೆಲ್ಲವೂ ನನ್ನ ಊಹೆಯಾಗಿ ಉಳಿಯಬಾರದು, ಆದ್ದರಿಂದ ಸಾಕ್ಷ್ಯವನ್ನು ನೀವೇ ನೋಡಿ. ಡಿಪಿಕೆಜಿ ಲಾಗ್ ಏನಾಯಿತು ಎಂಬುದನ್ನು ಮಾತ್ರ ಹೇಳುತ್ತದೆ, ಮಾಡಿದವರು ಯಾರೆಂದು ಹೇಳುವುದಿಲ್ಲ. ಅದಕ್ಕಾಗಿ ಲಾಗ್ ಫೋಲ್ಡರಿನೊಳಗೆ ‘ಅಪ್ಟ್’ ಎಂಬ ಫೋಲ್ಡರಿದೆ, ಅದರಲ್ಲಿರುವ ‘ಹಿಸ್ಟರಿ’ ಲಾಗ್ ಬೇಕು. ಅಲ್ಲಿ ಪ್ರತಿ ಬದಲಾವಣೆಗೂ ಒಂದು ಪುಟ್ಟ ಕಂತು ಇರುತ್ತದೆ: ಶುರುವಾದ ಸಮಯ, ಯಾವ ಆದೇಶದಿಂದ ಆಯಿತು, ಯಾವ ಪ್ಯಾಕೇಜ್ ಎಲ್ಲಿಂದ ಎಲ್ಲಿಗೆ ಏರಿತು, ಮುಗಿದ ಸಮಯ. ಆದೇಶದ ಸಾಲಿನಲ್ಲಿ ‘ಅನ್‌ಅಟೆಂಡೆಡ್-ಅಪ್‌ಗ್ರೇಡ್’ ಎಂದಿದ್ದರೆ ಅದು ಯಂತ್ರವೇ ಮಾಡಿದ ಕೆಲಸ. ಮನುಷ್ಯರೊಬ್ಬರು ತಮ್ಮ ಖಾತೆಯಿಂದ ಸುಡೊ (ಆಡಳಿತಗಾರರ ಅಧಿಕಾರ ಕೊಡುವ ಆದೇಶ) ಬಳಸಿ ಮಾಡಿದ್ದರೆ, ಅದರ ಕೆಳಗೆ ‘ರಿಕ್ವೆಸ್ಟೆಡ್-ಬೈ’ ಎಂಬ ಇನ್ನೊಂದು ಸಾಲು ಬಂದು ಅವರ ಬಳಕೆದಾರ ಹೆಸರು ಅಲ್ಲಿ ದಾಖಲಾಗಿರುತ್ತದೆ. ಗುರುವಾರದ ಕಂತಿನಲ್ಲಿ ಆ ಸಾಲು ಇದೆಯೇ ಇಲ್ಲವೇ ಎಂಬುದು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಹಿಂದಿನ ತಿಂಗಳುಗಳ ಲಾಗ್‌ಗಳು ಸಂಕುಚಿತ ರೂಪದಲ್ಲಿ ಅದೇ ಫೋಲ್ಡರಿನಲ್ಲಿರುತ್ತವೆ, ‘ಝೆಡ್‌ಲೆಸ್’ ಎಂಬ ಆದೇಶ ಬಳಸಿ ಅವನ್ನೂ ಓದಿ.

ಕೊನೆಯದಾಗಿ ಒಂದು ವಿನಂತಿ. ಆ ಹುಡುಗನ ವಿಷಯ ಬರೆದಿದ್ದೀರಿ. ಹಿಸ್ಟರಿ ಲಾಗ್ ನೋಡಿದ ಕೂಡಲೇ, ಸರ್ವರನ್ನು ಸರಿಪಡಿಸುವ ಮುಂಚೆಯೇ, ಸಂಘದ ಹಿರಿಯರಿಗೆ ವಿಷಯ ತಿಳಿಸಿ. ಸಣ್ಣ ಊರಿನಲ್ಲಿ ಇಂಥ ಅನುಮಾನದ ಮಾತು ಹಬ್ಬಲು ಎರಡು ದಿನ ಸಾಕು.

ಉತ್ತರ: ಹಳೆಯ_ರ‍್ಯಾಕ್

ಕಪ್ಪುಪರದೆಯವರು ಕಾರಣವನ್ನು ಸರಿಯಾಗಿಯೇ ಹಿಡಿದಿದ್ದಾರೆ. ನಾನು ಪರಿಹಾರದ ಮಾತಷ್ಟೇ ಹೇಳುತ್ತೇನೆ: ಆ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಪ್ಯಾಕೇಜನ್ನು ಪೂರ್ತಿಯಾಗಿ ತೆಗೆದುಹಾಕಿ. ಹದಿನೈದು ವರ್ಷಗಳಿಂದ ಸರ್ವರ್‌ಗಳನ್ನು ನೋಡಿಕೊಂಡು ಬಂದವನಾಗಿ ನನ್ನ ಅಭಿಪ್ರಾಯವೇನೆಂದರೆ, ಜನರ ಹಣದ ಲೆಕ್ಕವಿರುವ ಯಂತ್ರದಲ್ಲಿ ಯಾವ ಬದಲಾವಣೆಯೂ ಅಡ್ಮಿನ್‌ಗೆ ಗೊತ್ತಿಲ್ಲದೆ ಆಗಕೂಡದು. ತಿಂಗಳಿಗೊಂದು ಭಾನುವಾರ ಕುಳಿತು, ಬ್ಯಾಕಪ್ ತೆಗೆದುಕೊಂಡು, ಕೈಯಾರೆ ಅಪ್‌ಡೇಟ್ ಮಾಡಿ, ಬಿಲ್ಲೊಂದನ್ನು ಮುದ್ರಿಸಿ ನೋಡಿ ಮನೆಗೆ ಹೋಗಿ. ಉಬುಂಟುವಿನ ಜೊತೆಗೆ ‘ಸ್ನ್ಯಾಪ್’ ಎಂಬ ಇನ್ನೊಂದು ಪ್ಯಾಕೇಜ್ ವ್ಯವಸ್ಥೆಯ ಮೂಲಕ ಏನಾದರೂ ಹಾಕಿದ್ದರೆ ಅದನ್ನೂ ನೋಡಿಕೊಳ್ಳಿ, ಏಕೆಂದರೆ ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ತಾನಾಗಿ ಹೊಸ ಆವೃತ್ತಿಯನ್ನು ಹುಡುಕುತ್ತದೆ ಮತ್ತು ಅದು ಅಪ್ಟ್ ಲಾಗಿನಲ್ಲಿ ಕಾಣುವುದಿಲ್ಲ.

ಉತ್ತರ: ಕರಾವಳಿ_ನೋಡ್

ಹಳೆಯ_ರ‍್ಯಾಕ್ ಅವರ ಅನುಭವದ ಬಗ್ಗೆ ಗೌರವವಿದೆ, ಆದರೆ ಈ ಸಲಹೆಯನ್ನು ನಾನು ಒಪ್ಪಲಾರೆ. ಅದು ಐದಾರು ಜನರ ತಂಡವಿರುವ ಕಡೆ ನಡೆಯುತ್ತದೆ. ಪ್ರಶ್ನೆ ಕೇಳಿದವರು ಒಬ್ಬರೇ ಇದ್ದಾರೆ. ಮೊದಲ ಎರಡು ಭಾನುವಾರ ಅವರು ಖಂಡಿತ ಕುಳಿತು ಮಾಡುತ್ತಾರೆ. ಮೂರನೆಯದಕ್ಕೆ ಮನೆಯಲ್ಲಿ ಮದುವೆ, ನಾಲ್ಕನೆಯದಕ್ಕೆ ಆಡಿಟ್, ಆಮೇಲೆ ಸುಗ್ಗಿ. 2017ರ ಮೇ 12ರಂದು ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳೇ ಕೆಲಸ ನಿಲ್ಲಿಸಬೇಕಾಗಿ ಬಂದಿತ್ತು. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಪರಿಹಾರ ಕೊಟ್ಟದ್ದು ಅದಕ್ಕೆ ಎರಡು ತಿಂಗಳ ಮುಂಚೆ, ಮಾರ್ಚ್ 14ರಂದು. ಅಪ್‌ಡೇಟ್ ಇತ್ತು, ಹಾಕಿರಲಿಲ್ಲ. ಕೆಲವು ನಿಮಿಷ ಕೌಂಟರ್ ನಿಂತದ್ದು ನೋವಿನ ಸಂಗತಿಯೇ, ಆದರೆ ಸದಸ್ಯರ ಖಾತೆಗಳೆಲ್ಲ ಬೀಗಬಿದ್ದ ಫೈಲುಗಳಾಗುವುದರ ಮುಂದೆ ಅದು ಏನೂ ಅಲ್ಲ. ಬದಲಿಸಬೇಕಾದದ್ದು ಅಪ್‌ಡೇಟ್ ಆಗುವ ಗಂಟೆ.

ಈ ಬೆಳಗಿನ ಆರು ಗಂಟೆಯ ಸಮಸ್ಯೆ ದೊಡ್ಡವರನ್ನೂ ಬಿಟ್ಟಿಲ್ಲ. 2022ರ ಆಗಸ್ಟ್ 30ರಂದು ಉಬುಂಟು 18.04ಕ್ಕೆ ಬಂದ ಸಿಸ್ಟಮ್‌ಡಿ (ಯಂತ್ರದ ಸೇವೆಗಳನ್ನು ನಡೆಸುವ ಮೂಲ ತಂತ್ರಾಂಶ) ಅಪ್‌ಡೇಟೊಂದು ತಾನಾಗಿ ಸ್ಥಾಪನೆಯಾಗಿ, ಮೈಕ್ರೋಸಾಫ್ಟ್‌ನ ಅಝೂರ್ ಕ್ಲೌಡಿನಲ್ಲಿದ್ದ ಅನೇಕ ಸರ್ವರ್‌ಗಳು ಡಿಎನ್‌ಎಸ್ (ಹೆಸರಿನಿಂದ ಜಾಲವಿಳಾಸ ಹುಡುಕುವ ವ್ಯವಸ್ಥೆ) ಕಳೆದುಕೊಂಡವು. 2023ರ ಮಾರ್ಚ್ 8ರಂದು ಸರ್ವರ್‌ಗಳ ಮೇಲೆ ನಿಗಾ ಇಡುವ ಸೇವೆ ಕೊಡುವ ಡೇಟಾಡಾಗ್ ಸಂಸ್ಥೆಗೆ ಆದದ್ದು ಇನ್ನೂ ಪಾಠ ಕಲಿಸುವಂಥದ್ದು. ಅವರ ಕೇಂದ್ರಗಳು ಬೇರೆ ಬೇರೆ ಕ್ಲೌಡ್ ಕಂಪನಿಗಳಲ್ಲಿ, ಬೇರೆ ಬೇರೆ ಪ್ರದೇಶಗಳಲ್ಲಿ, ಒಂದು ಬಿದ್ದರೆ ಇನ್ನೊಂದಕ್ಕೆ ತಾಗದಂತೆ ಪ್ರತ್ಯೇಕವಾಗಿದ್ದವು. ಆದರೂ ಯುಟಿಸಿ 06:03ರಿಂದ ಎಲ್ಲವೂ ಒಟ್ಟಿಗೇ ಕುಸಿಯತೊಡಗಿದವು. ಉಬುಂಟು 22.04ರ ಯಂತ್ರಗಳಲ್ಲಿ ಸಿಸ್ಟಮ್‌ಡಿಯ ಭದ್ರತಾ ಅಪ್‌ಡೇಟ್ ತಾನಾಗಿ ಸ್ಥಾಪನೆಯಾಗಿ, ಅದರ ನೆಟ್‌ವರ್ಕ್ ಭಾಗ ರೀಸ್ಟಾರ್ಟ್ ಆಗಿ, ಕಂಟೇನರ್‌ಗಳಿಗಾಗಿ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್ ಘಟಕಗಳಿಗಾಗಿ) ಹಾಕಿದ್ದ ಜಾಲಮಾರ್ಗಗಳನ್ನು ಅಳಿಸಿಹಾಕಿತು. ಆ ಕೇಂದ್ರಗಳ ನಡುವೆ ಯಾವ ತಂತಿಯೂ ಇರಲಿಲ್ಲ, ಆದರೆ ಎಲ್ಲ ಯಂತ್ರಗಳ ಟೈಮರಿನಲ್ಲೂ ಆರರಿಂದ ಏಳರ ಅದೇ ಒಂದು ಗಂಟೆ ಬರೆದಿತ್ತು. ಹಾಗಾಗಿ ನಿಮ್ಮಲ್ಲಿ ಎರಡನೆಯ ಸರ್ವರ್ ಬಂದ ದಿನ, ಎರಡಕ್ಕೂ ಒಂದೇ ವೇಳೆ ಇಡಬೇಡಿ. ಒಂದರಲ್ಲಿ ಎರಡು ದಿನ ನೋಡಿ ಇನ್ನೊಂದಕ್ಕೆ ಹಾಕಿ.

ವಿಂಡೋಸ್ ಸರ್ವರ್ ಇಟ್ಟುಕೊಂಡವರು ಈ ಚರ್ಚೆಯನ್ನು ಓದುತ್ತಿದ್ದರೆ ಅವರಿಗೂ ಎರಡು ಮಾತು. 2024ರ ನವೆಂಬರ್ 1ರಂದು ವಿಂಡೋಸ್ ಸರ್ವರ್ 2025 ಬಿಡುಗಡೆಯಾಯಿತು. ಅದರ ಬೆನ್ನಿಗೇ ಕೆಲವರ 2019 ಮತ್ತು 2022ರ ಸರ್ವರ್‌ಗಳು ರಾತ್ರಿ ಬೆಳಗಾಗುವುದರೊಳಗೆ 2025ಕ್ಕೆ ಏರಿ ಕುಳಿತಿದ್ದವು. ಪೂರ್ಣ ಆವೃತ್ತಿಯ ಏರಿಕೆಯು ಕೆಬಿ5044284 ಎಂಬ, ತಿಂಗಳ ಅಪ್‌ಡೇಟಿನಂತೆ ಕಾಣುವ ಸಂಖ್ಯೆಯಡಿ ಬಂದದ್ದರಿಂದ, ಹೊರಗಿನ ಕಂಪನಿಗಳ ಪ್ಯಾಚ್ ಹಾಕುವ ಸಾಧನಗಳು ಅದನ್ನು ಸಾಮಾನ್ಯ ಪ್ಯಾಚ್ ಎಂದುಕೊಂಡು ಹಾಕಿಬಿಟ್ಟವು. ಅದು ಐಚ್ಛಿಕವೆಂದು ಗುರುತಿಸಿತ್ತು ಎಂಬುದು ಮೈಕ್ರೋಸಾಫ್ಟ್‌ನ ಉತ್ತರವಾಗಿತ್ತು. ಹೊಸ ಆವೃತ್ತಿಗೆ ಹೊಸ ಲೈಸೆನ್ಸ್ ಬೇಕಿತ್ತು, ಬ್ಯಾಕಪ್ ಇದ್ದವರು ಮಾತ್ರ ಸುಲಭವಾಗಿ ಹಿಂದಕ್ಕೆ ಬಂದರು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಇದಕ್ಕಿಂತ ಚಿಕ್ಕದೊಂದು ಪ್ರಸಂಗವಾಗಿತ್ತು: ಸರ್ವರ್ ಸಂಜೆ ಆರಕ್ಕೆ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು, ಎಲ್ಲರೂ ವಿದ್ಯುತ್ತಿನ ಮೇಲೆ ದೂರು ಹೇಳುತ್ತಿದ್ದರು. ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗಿನಲ್ಲಿ 1074 ಸಂಖ್ಯೆಯ ದಾಖಲೆ ಇದ್ದರೆ ಯಾವ ಪ್ರೋಗ್ರಾಮ್, ಯಾರ ಹೆಸರಿನಲ್ಲಿ ರೀಸ್ಟಾರ್ಟ್ ಕೇಳಿತು ಎಂಬುದು ಅಲ್ಲಿಯೇ ಇರುತ್ತದೆ. ಕರೆಂಟು ಹೋಗಿ ಯಂತ್ರ ಬಿದ್ದಿದ್ದರೆ 6008 ಬರುತ್ತದೆ. ನಮ್ಮಲ್ಲಿ ಇದ್ದದ್ದು 1074, ಕೇಳಿದ್ದು ಅಪ್‌ಡೇಟ್ ಸೇವೆ.

ಮಲೆನಾಡು_ಅಡ್ಮಿನ್ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಸಮಯವಲಯ ಯುಟಿಸಿಯೇ ಇದೆ. ಬಿಲ್ಲಿನ ತಂತ್ರಾಂಶ ತಾನೇ 5:30 ಸೇರಿಸಿ ತೋರಿಸುತ್ತಿದ್ದುದರಿಂದ ಇಷ್ಟು ದಿನ ನನಗೆ ಗೊತ್ತೇ ಆಗಿರಲಿಲ್ಲ.

ಹಿಸ್ಟರಿ ಲಾಗನ್ನು ಮೊದಲಿನಿಂದ ಓದಿದೆ. ಗುರುವಾರದ ಕಂತಿನಲ್ಲಿ ಆದೇಶದ ಸಾಲಿನಲ್ಲಿ ಅನ್‌ಅಟೆಂಡೆಡ್-ಅಪ್‌ಗ್ರೇಡ್ ಎಂದಿದೆ, ‘ರಿಕ್ವೆಸ್ಟೆಡ್-ಬೈ’ ಎಂಬ ಸಾಲು ಇಲ್ಲ. ಹಿಂದಿನ ಎರಡು ಸಲದ ಕಂತುಗಳೂ ಹಾಗೆಯೇ ಇವೆ, ಒಂದು 06:41, ಇನ್ನೊಂದು 06:09. ‘ರಿಕ್ವೆಸ್ಟೆಡ್-ಬೈ’ ಇರುವ ಕಂತು ಈ ವರ್ಷದ ಲಾಗಿನಲ್ಲಿ ಒಂದೇ ಒಂದು ಸಿಕ್ಕಿತು. ಅದು ಜೂನ್ ತಿಂಗಳಿನದು, ನನ್ನ ಹೆಸರಿನಲ್ಲಿದೆ, ಸೀರಿಯಲ್ ಕಾರ್ಡಿನವರು ಡ್ರೈವರ್ ಕಟ್ಟಲು ನನ್ನ ಖಾತೆಯಿಂದ ಕೆಲವು ಪ್ಯಾಕೇಜ್ ಹಾಕಿದ್ದರು. ಲಾಗಿನ ಆ ಪುಟವನ್ನು ಮುದ್ರಿಸಿ, 06:22ರ ಪಕ್ಕದಲ್ಲಿ ಕೈಯಿಂದ 11:52 ಎಂದು ಬರೆದು, ಇಂದು ಬೆಳಿಗ್ಗೆ ಕಾರ್ಯದರ್ಶಿಗಳ ಮುಂದಿಟ್ಟೆ. ಅವರು ಓದಿ, ಅಲ್ಲಿಯೇ ಫೋನ್ ತೆಗೆದುಕೊಂಡು ಆ ಹುಡುಗನೊಂದಿಗೆ ಮಾತನಾಡಿದರು. ಈ ಭಾರ ಇಳಿದದ್ದಕ್ಕೆ ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಕರಾವಳಿ_ನೋಡ್ ಅವರ ಮಾತಿನಂತೆ ಅಪ್‌ಡೇಟ್ ನಿಲ್ಲಿಸದೆ ವೇಳೆ ಬದಲಿಸಬೇಕೆಂದಿದ್ದೇನೆ. ಸರ್ವರಿನ ಸಮಯವಲಯವನ್ನು ಕೋಲ್ಕತಾ (ಭಾರತೀಯ ಕಾಲಮಾನ) ಎಂದು ಬದಲಿಸಿಬಿಟ್ಟರೆ ಆರು ಗಂಟೆಯೆಂದರೆ ನಿಜವಾದ ಆರು ಗಂಟೆಯೇ ಆಗುತ್ತದೆಯಲ್ಲವೇ? ಅಷ್ಟು ಸಾಕೇ? ಜೂನ್ ತಿಂಗಳ ಕಾರ್ಡಿನ ತೊಂದರೆಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಕಪ್ಪುಪರದೆ

ಸಮಯವಲಯವನ್ನು ಮುಟ್ಟುವ ಮುಂಚೆ ನಿಲ್ಲಿ. ಬಿಲ್ಲಿನ ತಂತ್ರಾಂಶ ತಾನೇ 5:30 ಸೇರಿಸುತ್ತದೆ ಎಂದು ನೀವೇ ಹೇಳಿದ್ದೀರಿ. ಮೈಎಸ್‌ಕ್ಯೂಎಲ್ ಯಂತ್ರದ ಸಮಯವಲಯವನ್ನು ತಾನು ಶುರುವಾಗುವಾಗ ಓದಿಕೊಳ್ಳುತ್ತದೆ. ಈಗ ನೀವು ಬದಲಿಸಿದರೆ ಇವತ್ತು ಏನೂ ಆಗುವುದಿಲ್ಲ, ಆದರೆ ಮುಂದಿನ ರೀಸ್ಟಾರ್ಟಿನ ನಂತರ ಡೇಟಾಬೇಸ್ ಬರೆಯುವ ‘ಈಗಿನ ಸಮಯ’ ಭಾರತೀಯ ಕಾಲಮಾನದ್ದಾಗುತ್ತದೆ, ತಂತ್ರಾಂಶ ಅದಕ್ಕೆ ಇನ್ನೊಂದು 5:30 ಸೇರಿಸುತ್ತದೆ. ಸಂಜೆ ಏಳಕ್ಕೆ ಮುಗಿಸಿದ ಬಿಲ್ಲು ಮರುದಿನದ ತಾರೀಖಿಗೆ ಹೋಗಿ ಕೂರುತ್ತದೆ. ದಿನದ ಅಡಾವೆ ತಾಳೆಯಾಗದೆ ನೀವು ಮತ್ತೆ ಕಳ್ಳನನ್ನು ಹುಡುಕುತ್ತೀರಿ. ತಂತ್ರಾಂಶ ಬರೆದವರೊಂದಿಗೆ ಕುಳಿತು ಮಾಡುವ ಕೆಲಸ ಅದು.

ಯಂತ್ರ ಯುಟಿಸಿಯಲ್ಲೇ ಇರಲಿ, ಟೈಮರನ್ನು ಮಾತ್ರ ಬದಲಿಸಿ. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಆದೇಶದಿಂದ ಅಪ್ಟ್-ಡೈಲಿ-ಅಪ್‌ಗ್ರೇಡ್ ಟೈಮರಿಗೆ ಒಂದು ಮೇಲ್ಪದರದ ಫೈಲ್ ತೆರೆದುಕೊಳ್ಳುತ್ತದೆ. ಅದರಲ್ಲಿ ಟೈಮರ್ ಎಂಬ ತಲೆಸಾಲಿನ ಕೆಳಗೆ ಮೊದಲು ‘ಆನ್‌ಕ್ಯಾಲೆಂಡರ್’ ಎಂದು ಬರೆದು ಸಮಚಿಹ್ನೆಯ ಮುಂದೆ ಏನನ್ನೂ ಹಾಕದೆ ಬಿಡಿ. ಮುಂದಿನ ಸಾಲಿನಲ್ಲಿ ಮತ್ತೆ ಆನ್‌ಕ್ಯಾಲೆಂಡರ್ ಎಂದು ಬರೆದು ನಿಮಗೆ ಬೇಕಾದ ವೇಳೆ ಕೊಟ್ಟು, ಅದರ ಕೊನೆಗೆ ಏಷ್ಯಾ/ಕೋಲ್ಕತಾ ಎಂಬ ಸಮಯವಲಯವನ್ನು ಸೇರಿಸಿ. ನಿಮ್ಮ ಆವೃತ್ತಿಯ ಸಿಸ್ಟಮ್‌ಡಿ ಅದನ್ನು ಅರ್ಥಮಾಡಿಕೊಳ್ಳುತ್ತದೆ. ಆ ಖಾಲಿ ಸಾಲನ್ನು ಬರೆಯದಿದ್ದರೆ ಹಳೆಯ ಆರು ಗಂಟೆ ಅಳಿಯುವುದಿಲ್ಲ, ಹೊಸದು ಅದರ ಜೊತೆಗೆ ಸೇರಿಕೊಂಡು ದಿನಕ್ಕೆ ಎರಡು ಸಲ ಓಡುತ್ತದೆ. ಈ ತಪ್ಪನ್ನು ನಾನು ಮೂರು ಬೇರೆ ಬೇರೆ ಕಡೆ ನೋಡಿದ್ದೇನೆ. ಬ್ಯಾಕಪ್ ಮುಗಿದ ನಂತರದ ವೇಳೆಯನ್ನೇ ಆರಿಸಿಕೊಳ್ಳಿ.

ಅದೇ ಫೈಲಿನಲ್ಲಿ ‘ಪರ್ಸಿಸ್ಟೆಂಟ್’ ಎಂಬ ಗುಣವನ್ನು ‘ಫಾಲ್ಸ್’ ಎಂದು ಮಾಡಿ. ಮಲೆನಾಡಿನ ಮಳೆಗಾಲಕ್ಕೆ ಇದು ಅತ್ಯಗತ್ಯ. ಇಲ್ಲವಾದರೆ ರಾತ್ರಿ ಯಂತ್ರ ಆಫ್ ಆಗಿದ್ದು ಆ ಸರದಿ ತಪ್ಪಿದ್ದರೆ, ಬೆಳಿಗ್ಗೆ ಕರೆಂಟು ಬಂದು ಯಂತ್ರ ಶುರುವಾದ ಕೂಡಲೇ ತಪ್ಪಿದ ಅಪ್‌ಡೇಟನ್ನು ಹಾಕಲು ಹೊರಡುತ್ತದೆ, ನೀವು ಕೌಂಟರ್ ತೆರೆಯುವ ಹೊತ್ತಿಗೇ ಸರಿಯಾಗಿ. ಎಲ್ಲ ಮುಗಿದ ಮೇಲೆ ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್’ ಕೊಟ್ಟು ಮುಂದಿನ ಸರದಿ ಎಷ್ಟು ಹೊತ್ತಿಗೆ ಎಂದು ಕಣ್ಣಾರೆ ನೋಡಿ. ಅದು ಯುಟಿಸಿಯಲ್ಲಿ ತೋರಿಸುತ್ತದೆ ಎಂಬುದು ನೆನಪಿರಲಿ. ಮುಂದೊಂದು ದಿನ ಉಬುಂಟು 24.04ಕ್ಕೆ ಹೋದಾಗ, ಅದರಲ್ಲಿ ‘ನೀಡ್‌ರೀಸ್ಟಾರ್ಟ್’ ಎಂಬ ಸಾಧನವು ಹಳೆಯ ಲೈಬ್ರರಿಗಳನ್ನು (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಕೋಡ್) ಹಿಡಿದಿಟ್ಟುಕೊಂಡಿರುವ ಸೇವೆಗಳನ್ನು ತಾನಾಗಿ ರೀಸ್ಟಾರ್ಟ್ ಮಾಡುತ್ತದೆ. ಅಂದರೆ ಮೈಎಸ್‌ಕ್ಯೂಎಲ್ ಪ್ಯಾಕೇಜ್ ಬದಲಾಗದ ದಿನವೂ ಅದು ನಿಂತು ಏಳಬಹುದು, ಆಗ ಈ ವೇಳೆಯ ವಿಷಯ ಇನ್ನೂ ಮುಖ್ಯವಾಗುತ್ತದೆ.

ಕಾರ್ಡಿನ ವಿಷಯ: ಹೌದು, ಸಂಬಂಧವಿದೆ. ಆದರೆ ಅಲ್ಲಿ ದಾರಿ ಬೇರೆ. ಹೊಸ ಕರ್ನಲ್‌ಗಳೂ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಭದ್ರತಾ ಭಂಡಾರದಿಂದ ಬಂದು ಡಿಸ್ಕಿನಲ್ಲಿ ಕುಳಿತಿದ್ದವು. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಪೂರ್ವನಿಯೋಜಿತವಾಗಿ ಯಂತ್ರವನ್ನು ರೀಬೂಟ್ ಮಾಡುವುದಿಲ್ಲ, ರೀಬೂಟ್ ಬೇಕು ಎಂದು ಒಂದು ಗುರುತಿನ ಫೈಲನ್ನು ಮಾತ್ರ ಇಟ್ಟು ಸುಮ್ಮನಾಗುತ್ತದೆ. ನೀವು ತಿಂಗಳುಗಟ್ಟಲೆ ರೀಬೂಟ್ ಮಾಡಿರಲಿಲ್ಲ, ಹಾಗಾಗಿ ಯಂತ್ರ ಹಳೆಯ ಕರ್ನಲಿನಲ್ಲೇ ಓಡುತ್ತಿತ್ತು. ಕರೆಂಟು ಹೋಗಿ ಬಂದಾಗ ಹೊಸದರಲ್ಲಿ ಎದ್ದಿತು. ಕಾರ್ಡಿನ ಡ್ರೈವರನ್ನು ಹಳೆಯ ಕರ್ನಲಿಗೆಂದೇ ಕಟ್ಟಿದ್ದರಿಂದ ಹೊಸದರಲ್ಲಿ ಅದು ಸಿಗಲಿಲ್ಲ. ಈಗ ಅವರು ಮತ್ತೆ ಕಟ್ಟಿಕೊಟ್ಟಿರುವುದೂ ಒಂದು ಕರ್ನಲಿಗೆ ಮಾತ್ರವಾದರೆ, ಮುಂದಿನ ರೀಬೂಟಿಗೆ ಇದೇ ಕಥೆ. ಅದೇ ಡ್ರೈವರನ್ನು ‘ಡಿಕೆಎಂಎಸ್’ ಎಂಬ ಸಾಧನದ ಮೂಲಕ ಹಾಕಿಕೊಡಲು ಅವರನ್ನು ಕೇಳಿ, ಆಗ ಪ್ರತಿ ಹೊಸ ಕರ್ನಲ್ ಬಂದಾಗಲೂ ಅದು ತಾನಾಗಿ ಮರುನಿರ್ಮಾಣವಾಗುತ್ತದೆ. ಅಲ್ಲಿಯವರೆಗೆ ತುರ್ತು ಬಿದ್ದರೆ, ಶುರುವಾಗುವಾಗ ಗ್ರಬ್ ಎಂಬ ಬೂಟ್ ಮೆನುವಿನ ಸುಧಾರಿತ ಆಯ್ಕೆಗಳಲ್ಲಿ ಹಿಂದಿನ ಕರ್ನಲ್ ಇರುತ್ತದೆ, ಅದನ್ನು ಆರಿಸಿಕೊಂಡು ತೂಕದ ಕೆಲಸ ಮುಂದುವರಿಸಬಹುದು.

ಉತ್ತರ: ಹಳೆಯ_ರ‍್ಯಾಕ್

ಕರಾವಳಿ_ನೋಡ್ ಅವರ ವಾದವನ್ನು ಯೋಚಿಸಿ ನೋಡಿದೆ. ಒಬ್ಬರೇ ಇರುವ ಕಡೆ ನನ್ನ ಕ್ರಮ ನಡೆಯಲಾರದು ಎಂಬುದು ನಿಜ, ಆ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ತಿಂಗಳಿಗೊಮ್ಮೆ ತಾವೇ ನಿಂತು ರೀಬೂಟ್ ಮಾಡಿ ಎಂಬ ಭಾಗವನ್ನು ದಯವಿಟ್ಟು ಉಳಿಸಿಕೊಳ್ಳಿ. ಹೊಸ ಕರ್ನಲಿನ ಮೊದಲ ಪರೀಕ್ಷೆ ಭಾನುವಾರದ ಬೆಳಿಗ್ಗೆ ನಿಮ್ಮ ಕಣ್ಣೆದುರಿಗೆ ಆಗಬೇಕು, ಮಳೆಯ ರಾತ್ರಿಯಲ್ಲಿ ಅಲ್ಲ. ಮೈಎಸ್‌ಕ್ಯೂಎಲ್ ಒಂದನ್ನು ಮಾತ್ರ ತಡೆಹಿಡಿಯಬೇಕೆನಿಸಿದರೆ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಸಂರಚನೆಯಲ್ಲಿ ಬಿಟ್ಟುಬಿಡಬೇಕಾದ ಪ್ಯಾಕೇಜ್‌ಗಳ ಪಟ್ಟಿಯಿದೆ, ಆದರೆ ಅಲ್ಲಿ ಹಾಕಿದ ಹೆಸರನ್ನು ಗೋಡೆಯ ಕ್ಯಾಲೆಂಡರಿನ ಮೇಲೂ ಬರೆದಿಡಿ. ಹಾಗೆ ತಡೆಹಿಡಿದು ಮರೆತುಹೋದ ಡೇಟಾಬೇಸ್‌ಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಮಲೆನಾಡು_ಅಡ್ಮಿನ್ (ಪ್ರಶ್ನೆ ಕೇಳಿದವರು)

ಟೈಮರನ್ನು ರಾತ್ರಿ 2:30ಕ್ಕೆ ಇಟ್ಟಿದ್ದೇನೆ. ಬ್ಯಾಕಪ್ 1 ಗಂಟೆಗೆ ಶುರುವಾಗಿ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಖಾಲಿ ಸಾಲನ್ನು ಮೊದಲ ಸಲ ನಾನೂ ಮರೆತಿದ್ದೆ. ಲಿಸ್ಟ್-ಟೈಮರ್ಸ್ ತೋರಿಸಿದ ಮುಂದಿನ ಸರದಿ ಮತ್ತೆ 06:00ರ ನಂತರದ್ದೇ ಆಗಿದ್ದರಿಂದ ತಪ್ಪು ಗೊತ್ತಾಯಿತು, ತಿದ್ದಿದ ಮೇಲೆ 21:00 ಎಂದು ತೋರಿಸಿದೆ, ಅದರ ಮುಂದೆ ಕೆಲವು ನಿಮಿಷಗಳ ವಿಳಂಬವೂ ಇದೆ. ನಿನ್ನೆ ರಾತ್ರಿ ಓಪನ್‌ಎಸ್‌ಎಸ್‌ಎಲ್ (ಗೂಢಲಿಪೀಕರಣದ ಲೈಬ್ರರಿ) ಅಪ್‌ಡೇಟೊಂದು ಬಂದು 21:17ಕ್ಕೆ, ಅಂದರೆ ನಮ್ಮ 2:47ಕ್ಕೆ, ಸ್ಥಾಪನೆಯಾಗಿದೆ. ಕಾರ್ಡಿನವರು ಡಿಕೆಎಂಎಸ್ ಆವೃತ್ತಿಯನ್ನು ಮುಂದಿನ ವಾರ ತರುತ್ತೇವೆ ಎಂದಿದ್ದಾರೆ. ಅವರು ಬಂದು ಹೋದ ಮೇಲೆ ಭಾನುವಾರ ರೀಬೂಟ್ ಮಾಡಿ, ನಾಲ್ಕೂ ತೂಕದ ಯಂತ್ರಗಳ ಮೇಲೆ ಒಂದೊಂದು ಚೀಲ ಇಟ್ಟು ನೋಡಿ ಇಲ್ಲಿ ತಿಳಿಸುತ್ತೇನೆ.